ಆಟಿ ಪಾಯಸ ಮತ್ತು ನನ್ನ ಮೂತ್ರಕೋಶ

ಮಳೆಗಾಲದ ಆಟಿ ತಿಂಗಳ ಹದಿನೆಂಟನೇ ದಿನ ಮದ್ದುಸೊಪ್ಪಿನ ಪಾಯಸ ಮಾಡದ ಮನೆ ಕೊಡಗಿನಲ್ಲಿ ಕಡಿಮೆ. ತೋಟದ ಬೇಲಿ ಬದಿಯಲ್ಲಿ ವರ್ಷವಿಡೀ ಯಾರ ಕಣ್ಣಿಗೂ ಬೀಳದೆ ಬೆಳೆಯುವ ಗಿಡ ಅದು. ಆ ದಿನ ಮಾತ್ರ ಅದರಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು, ಎಳೆ ದಂಟು ಕುದಿಸಿದರೆ ನೇರಳೆ ಬಣ್ಣದ ನೀರು ಬಿಡುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ, ತೆಂಗಿನ ಹಾಲು ಹಿಂಡಿ ಏಲಕ್ಕಿ ಉದುರಿಸಿದರೆ ಮನೆಯೆಲ್ಲ ಘಮಘಮ. ತಿಂದವರಿಗೆ ಮರುದಿನ ಬೆಳಿಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹಿಡಿದಿದೆ ಅನ್ನುವುದಕ್ಕೆ ಅದೇ ಗುರುತು. ಕೆಂಪಾಗದಿದ್ದವರು ಸರಿಯಾಗಿ ತಿಂದಿಲ್ಲ ಅಂತ ಬೈಸಿಕೊಳ್ಳುವುದೂ ಉಂಟು.

ನಮ್ಮ ಮನೆ ಚೆಟ್ಟಳ್ಳಿಯ ಹತ್ತಿರ. ಸ್ವಲ್ಪ ಕಾಫಿ, ಸ್ವಲ್ಪ ಕರಿಮೆಣಸು. ಪಕ್ಕದ ಹೋಮ್‌ಸ್ಟೇಗೆ ಬರುವ ಅತಿಥಿಗಳಿಗೆ ಶನಿವಾರ, ಭಾನುವಾರ ನಾನೇ ಮಧ್ಯಾಹ್ನದ ಊಟ ಹಾಕುತ್ತೇನೆ. ಅಕ್ಕಿಯ ಕಡಂಬುಟ್ಟು, ಶಾವಿಗೆಯಂಥ ನೂಲ್‌ಪುಟ್ಟು, ಕಾಡುಮಾವಿನ ಸಾರು, ಕಾಚಂಪುಳಿಯ ಕಪ್ಪು ಹುಳಿ ಹಾಕಿದ ಹಂದಿ ಮಾಂಸ. ಬೇಕು ಅಂದವರಿಗೆ ಮಾಡುವ ಬಗೆಯನ್ನೂ ಹೇಳಿಕೊಡುತ್ತೇನೆ. ಒಮ್ಮೆ ಆಟಿ ಪಾಯಸ ತಿಂದು ಹೋದ ಹೆಂಗಸೊಬ್ಬಳು ಮರುದಿನ ಗಾಬರಿಯಲ್ಲಿ ಫೋನ್ ಮಾಡಿದಳು.

"ಆಂಟೀ, ನಮ್ಮನೆಯವರಿಗೆ ಹೀಗಾಗಿದೆ. ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗ್ಲಿ?"

"ಯಾವ ಆಸ್ಪತ್ರೆಗೂ ಬೇಡ. ಬಿದಿರಿನ ಕಣಿಲೆ ಸಾರು ಮಾಡ್ತಿದೀನಿ, ಊಟಕ್ಕೆ ಕರ್ಕೊಂಡು ಬನ್ನಿ," ಅಂದಿದ್ದೆ.

ಇಷ್ಟು ಧೈರ್ಯ ಊರವರಿಗೆಲ್ಲ ಹಂಚುತ್ತಿದ್ದ ನಾನು ಆ ವರ್ಷ ನನಗೂ ಅದೇ ಧೈರ್ಯ ಹೇಳಿಕೊಂಡೆ. ಪಾಯಸ ತಿಂದೆ, ಕೆಂಪಾಯಿತು, ಸರಿ. ಉಳಿದ ರಸದಲ್ಲಿ ಹಲ್ವ ಕಾಯಿಸಿ ಫ್ರಿಜ್ಜಿನಲ್ಲಿಟ್ಟಿದ್ದೆ, ದಿನಾ ಸಂಜೆ ಕಾಫಿಯ ಜೊತೆ ಒಂದು ತುಂಡು. ಹಾಗಾಗಿ ಕೆಂಪು ಮುಂದುವರಿದಾಗಲೂ ನನಗೆ ಏನೂ ಅನ್ನಿಸಲಿಲ್ಲ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಹಲ್ವ ಕಾರಣ ಅಂತ ಸುಮ್ಮನಾದೆ.

ಹಲ್ವ ಮುಗಿಯಿತು. ಕೆಂಪು ಮುಗಿಯಲಿಲ್ಲ. ಈಗ ಅದರ ಬಣ್ಣವೂ ಬೇರೆ. ಮದ್ದುಸೊಪ್ಪಿನದು ದಾಸವಾಳದ ಕೆಂಪು, ಇದು ತುಕ್ಕು ಹಿಡಿದ ಕೊಳಾಯಿಯ ನೀರಿನ ಹಾಗೆ. ಮುಟ್ಟು ನಿಂತು ಒಂದು ವರ್ಷದ ಮೇಲಾಗಿತ್ತು. ಅದೇ ಮತ್ತೆ ಏನೋ ಕಿತಾಪತಿ ಮಾಡುತ್ತಿದೆ ಅಂದುಕೊಂಡೆ. ಗಂಡನಿಗೆ ಹೇಳಲಿಲ್ಲ. ಹೇಳಲು ಪದವೇ ಸಿಗಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದವರಿಗೆ ಕಾಫಿ ರೇಟು, ಆನೆ ದಾಟಿದ ಬೇಲಿ ಎಲ್ಲದರ ಬಗ್ಗೆ ಮಾತಾಡಲು ಬರುತ್ತದೆ. ಇದೊಂದು ಬರುವುದಿಲ್ಲ.

ಕಂಡುಹಿಡಿದವರು ನಮ್ಮತ್ತೆ. ದೇವಕಿ ಅಂತ ಅವರ ಹೆಸರು, ಎಪ್ಪತ್ತೈದರ ಆಸುಪಾಸು. ಅವರು ಕೊಡಗಿನ ಅರೆಭಾಷೆ ಮನೆಮಾತಿನವರು. ನಾನು ಕುಶಾಲನಗರದ ಬಳಿ ನೆಲೆಸಿದ ಹಾಸನದ ಕಡೆಯ ರೈತರ ಮಗಳು, ರಾಗಿಮುದ್ದೆ ತಿಂದು ಬೆಳೆದವಳು. ಮದುವೆಯಾಗಿ ಬಂದಾಗ ಅಕ್ಕಿ ರೊಟ್ಟಿಯನ್ನು ಹಪ್ಪಳದಂತೆ ಮಾಡಿ ನಗೆಪಾಟಲಾಗಿದ್ದೆ. ಒಲೆಯ ಮುಂದೆ ಕೂರಿಸಿಕೊಂಡು ಎಲ್ಲವನ್ನೂ ಕಲಿಸಿದವರು ಇವರೇ. ಮಾತು ಕಡಿಮೆ, ಕಣ್ಣು ಚುರುಕು.

ಒಂದು ಬೆಳಿಗ್ಗೆ ನಾನು ಬಚ್ಚಲಿನಿಂದ ಹೊರಗೆ ಬಂದರೆ ಬಾಗಿಲ ಎದುರಿಗೇ ನಿಂತಿದ್ದರು.

"ಪುಷ್ಪಾ, ಹಲ್ವ ಮುಗ್ದು ಎಷ್ಟು ದಿನ ಆತ್?"

"ಆಯ್ತಲ್ಲ ಅತ್ತೆ, ತುಂಬ ದಿನ. ಯಾಕೆ, ಇನ್ನೂ ಬೇಕಿತ್ತಾ?"

"ನಂಗೆ ಬೊತ್ತ್," ಅಂತ ಬೇಡವೆಂದು ತಲೆಯಾಡಿಸಿ, "ನಿಂಗೆ ಕೆಂಪು ಎಲ್ಲಿಂದ ಬಾತ್?" ಅಂದರು. ಹಿಂದಿನ ದಿನ ನಾನು ನೀರು ಸರಿಯಾಗಿ ಹಾಕದೆ ಬಂದಿದ್ದೆನಂತೆ.

ಅವರು ಇನ್ನೇನೂ ಕೇಳಲಿಲ್ಲ. ಅಂಗಳಕ್ಕೆ ಹೋಗಿ ಮಗನನ್ನು ಕರೆದು, "ಜೀಪ್ ತೆಗಿ. ಇವಳನ್ನ ಡಾಕ್ಟರ ಹತ್ರ ಕರ್ಕೊಂಡೋಗು," ಅಂದರು. ಏನಾಯಿತು ಅಂತ ಅವನು ಕೇಳಿದ್ದಕ್ಕೆ, "ಹೆಂಗಸ್ರ ವಿಷ್ಯ. ಜೀಪ್ ತೆಗಿ," ಅಷ್ಟೇ.

ನನ್ನ ಗಂಡ ಮೋಹನ ಒಳ್ಳೆಯ ಮನುಷ್ಯ. ಹೆಂಗಸರ ವಿಷಯ ಅಂದರೆ ಮಾತ್ರ ಅವನ ಕಿವಿ ಮುಚ್ಚಿಕೊಳ್ಳುತ್ತದೆ. ದಾರಿಯುದ್ದಕ್ಕೂ ಕರಿಮೆಣಸಿಗೆ ಸೊರಗು ರೋಗ ಬಂದದ್ದರ ಬಗ್ಗೆ ಮಾತಾಡಿದ.

ಮೊದಲು ಸಿಕ್ಕ ಡಾಕ್ಟರು ಸೋಂಕು ಅಂತ ಮಾತ್ರೆ ಕೊಟ್ಟರು. ನಿಂತಿತು. ನಾನು ಖುಷಿಯಲ್ಲಿ ಅತಿಥಿಗಳಿಗೆ ಹಬ್ಬದೂಟ ಹಾಕಿದೆ. ಸ್ವಲ್ಪ ದಿನಕ್ಕೆ ಮತ್ತೆ ಶುರುವಾಯಿತು. ಈ ಸಲ ಸ್ಕ್ಯಾನಿಂಗ್ ಮಾಡಿದ ಹುಡುಗಿ ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ ಆ ಯಂತ್ರವನ್ನು ಮತ್ತೆ ಮತ್ತೆ ಒತ್ತಿದಳು. ಅಲ್ಲಿಯವರೆಗೆ ಅವಳ ಮನೆ ಎಲ್ಲಿ, ಊಟ ಆಯ್ತಾ ಅಂತೆಲ್ಲ ಮಾತಾಡುತ್ತಿದ್ದೆವು. ಅವಳು ಮಾತು ನಿಲ್ಲಿಸಿದಳು. ಆಗ ನನಗೆ ಮೊದಲ ಬಾರಿ ಭಯವಾಯಿತು.

ಮೈಸೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಮೂತ್ರರೋಗದ ವಿಭಾಗ. ಹೊರಗೆ ಸಾಲಾಗಿ ಕುರ್ಚಿ, ಕುರ್ಚಿಗಳ ತುಂಬ ಗಂಡಸರು. ಬಹುಪಾಲು ನರೆತವರು, ಕೆಲವರ ಕೈಯಲ್ಲಿ ಪೈಪು, ಚೀಲ. ಹೆಂಗಸರಿದ್ದರೂ ಗಂಡನ ಜೊತೆ ಬಂದವರು. ರೋಗಿ ಅನ್ನಿಸಿಕೊಂಡ ಹೆಂಗಸು ನಾನೊಬ್ಬಳೇ ಅಂತ ಕಾಣುತ್ತದೆ. ಅಟೆಂಡರ್ ಹೊರಗೆ ಬಂದು ನಮ್ಮ ಸರದಿ ಕೂಗಿದ. ನಾನು ಏಳುವುದರೊಳಗೆ ಮೋಹನನ ತೋಳು ಹಿಡಿದು, "ಬನ್ನಿ ಸಾರ್, ಪ್ಯಾಂಟು ಬಿಚ್ಚಿ ಈ ಗೌನು ಹಾಕ್ಕೊಳಿ," ಅಂತ ಪರದೆಯ ಹಿಂದಕ್ಕೆ ಎಳೆದುಕೊಂಡು ಹೋದ. ಮೋಹನನಿಗೆ ಎಷ್ಟು ಗಾಬರಿಯೆಂದರೆ ಬಾಯಿಯೇ ಬರಲಿಲ್ಲ. ಬೆಲ್ಟು ಬಿಚ್ಚುವ ಹೊತ್ತಿಗೆ ನಾನು ಪರದೆ ಸರಿಸಿ, "ಅಣ್ಣಾ, ಅವರನ್ನ ಬಿಡಿ, ಕಾಯಿಲೆ ನನಗೆ," ಅಂದೆ. ಸಾಲಿನಲ್ಲಿ ಕೂತ ಅಜ್ಜಂದಿರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪೈಪು ಹಾಕಿಕೊಂಡಿದ್ದ ಒಬ್ಬರು, "ನಗಿಸ್ಬೇಡಿ ತಾಯೀ, ನೋಯ್ತದೆ," ಅಂತ ಕೈಮುಗಿದರು.

ಡಾಕ್ಟರು ಸಣ್ಣ ವಯಸ್ಸಿನವರು, ತಾಳ್ಮೆಯವರು. ಕ್ಯಾಮೆರಾ ಹಾಕಿ ನೋಡಿದ ಮೇಲೆ ಕಾಗದದ ಮೇಲೊಂದು ಚೀಲ ಬರೆದು, ಅದರ ಒಳಗೋಡೆಯಲ್ಲಿ ಪುಟ್ಟದೊಂದು ಅಣಬೆಯನ್ನು ಬರೆದರು.

"ಹೀಗೆ ಬೆಳೆದಿದೆ. ಕೆಳಗಿನಿಂದಲೇ ಹೋಗಿ ಹೆರೆದು ತೆಗೀತೀವಿ, ಹೊಟ್ಟೆ ಕೊಯ್ಯಲ್ಲ. ತೆಗೆದದ್ದನ್ನ ಪರೀಕ್ಷೆಗೆ ಕಳಿಸ್ತೀವಿ. ಬೇರು ಎಲ್ಲಿವರೆಗೆ ಇಳಿದಿದೆ ಅನ್ನೋದರ ಮೇಲೆ ಮುಂದಿನದು."

"ಇಳಿದಿದ್ರೆ?"

"ಚೀಲಾನೇ ತೆಗೀಬೇಕಾಗಬಹುದು. ಈಗಲೇ ಅಲ್ಲಿಗೆ ಹೋಗೋದು ಬೇಡ."

ಅಣಬೆ ಅಂದರೆ ನಮ್ಮ ಮನೆಯಲ್ಲಿ ಜೀವ. ಗುಡುಗಿನ ಮರುದಿನ ಬುಟ್ಟಿ ಹಿಡಿದು ಹೊರಡುವವರು ನಾವು. ಡಾಕ್ಟರಿಗೆ ಬೇರೆ ಯಾವ ಹೋಲಿಕೆಯೂ ಸಿಗಲಿಲ್ಲವಾ ಅಂತ ಆ ಕ್ಷಣದಲ್ಲೂ ಅನ್ನಿಸಿತು. ಆ ವರ್ಷ ನಾನು ಅಣಬೆ ಮುಟ್ಟಲಿಲ್ಲ.

ವಿಷಯ ಊರಿಗೆ ಹೇಗೆ ಹೇಳುವುದು? ಮೋಹನ ಯಾರನ್ನೂ ಕೇಳದೆ ಒಂದು ದಾರಿ ಹುಡುಕಿದ. ಯಾರೋ ಫೋನ್ ಮಾಡಿದಾಗ "ಗ್ಯಾಸ್ಟ್ರಿಕ್" ಅಂದುಬಿಟ್ಟ. ಆ ಸುಳ್ಳು ನಮ್ಮ ಮೇಲೆಯೇ ಬಂತು. ಒಬ್ಬರು ಜೀರಿಗೆ ಕಷಾಯ ಕಳಿಸಿದರು, ಇನ್ನೊಬ್ಬರು ಓಮದ ಪುಡಿ. ಆಪರೇಷನ್ ಮುಗಿಸಿ ಬಂದ ನನ್ನನ್ನು ನೋಡಲು ಬಂದವರೆಲ್ಲ, "ಖಾರ ತಿನ್ನೋದು ಬಿಡು ಪುಷ್ಪಾ, ನಿನ್ನ ಹಂದಿ ಮಾಂಸದ ಖಾರಾನೇ ಕಾರಣ," ಅಂತ ನನ್ನ ಅಡುಗೆಗೇ ಅಪವಾದ ಹೊರಿಸಿದರು. ಕಾಯಿಲೆಗಿಂತ ಅದು ಹೆಚ್ಚು ನೋಯಿಸಿತು.

ಆಪರೇಷನ್ ಬಗ್ಗೆ ಹೇಳುವಂಥದ್ದು ಕಡಿಮೆ. ಸೊಂಟದ ಕೆಳಗೆ ಮರಗಟ್ಟಿತು, ಯಾರೋ ದೂರದಲ್ಲಿ ಪಾತ್ರೆ ತಿಕ್ಕಿದ ಹಾಗೆ ಅನ್ನಿಸಿತು. ಕಷ್ಟವಾದದ್ದು ಪರೀಕ್ಷೆಯ ಫಲಿತಾಂಶಕ್ಕೆ ಕಾದದ್ದು. ಆ ದಿನಗಳಲ್ಲಿ ಅತ್ತೆ ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ. ಮೋಹನ ಜೀಪನ್ನು ದಿನಾ ತೊಳೆದ. ಅಷ್ಟು ಹೊಳೆಯುವ ಜೀಪು ಇಡೀ ಚೆಟ್ಟಳ್ಳಿಯಲ್ಲಿ ಇರಲಿಲ್ಲ.

ನನಗೆ ಕೂತಲ್ಲಿ ಒಂದೇ ಯೋಚನೆ, ಕಾವ್ಯಳ ಸಂಚಿ. ಕಾವ್ಯ ನನ್ನ ಅಣ್ಣನ ಮಗಳು, ಅವಳಿಗೆ ಮದುವೆ ಗೊತ್ತಾಗಿತ್ತು. ನನ್ನ ತವರಿನಲ್ಲಿ ಮದುಮಗಳಿಗೆ ಸೋದರತ್ತೆ ಎಲೆಅಡಿಕೆ ಸಂಚಿ ಹೊಲಿದು ಕೊಡಬೇಕು. ಒಳಗೊಳಗೆ ಜೇಬುಗಳಿರುವ, ಬಿಚ್ಚಿದರೆ ಉದ್ದಕ್ಕೆ ತೆರೆದುಕೊಳ್ಳುವ ಬಟ್ಟೆಯ ಸಂಚಿ. ಒಂದೊಂದು ಜೇಬಿಗೂ ಮನೆಯ ಒಬ್ಬೊಬ್ಬ ಹೆಂಗಸಿನ ಹಳೆ ಸೀರೆಯ ತುಂಡು. ಈಗ ಎಲೆಅಡಿಕೆ ಹಾಕುವವರಿಲ್ಲ. ನನ್ನ ಸಂಚಿಯಲ್ಲಿ ನಾನು ಚಿಲ್ಲರೆ, ಸೂಜಿ, ಮಾತ್ರೆ ಇಡುತ್ತೇನೆ. ಆದರೂ ಅದಿಲ್ಲದೆ ನಮ್ಮಲ್ಲಿ ಹೆಣ್ಣನ್ನು ಕಳಿಸುವುದಿಲ್ಲ. ಕಾವ್ಯಳಿಗಾಗಿ ನನ್ನ ಅಜ್ಜಿ, ಅಮ್ಮ, ಅತ್ತಿಗೆಯ ಸೀರೆಗಳಿಂದ ತುಂಡು ಕತ್ತರಿಸಿ ಇಟ್ಟಿದ್ದೆ. ಸೂಜಿ ಮಾತ್ರ ಮುಟ್ಟಿರಲಿಲ್ಲ. ಮುಗಿಸಲು ಇರುತ್ತೇನೋ ಇಲ್ಲವೋ ಅಂತ ಯೋಚನೆ ಬಂದಾಗ ಕೈ ಹಿಂದೆ ಸರಿಯುತ್ತಿತ್ತು.

ಫಲಿತಾಂಶ ಬಂತು. ಕ್ಯಾನ್ಸರ್. ಡಾಕ್ಟರು ಆ ಪದವನ್ನು ನೇರವಾಗಿ ಹೇಳಿ, ನಾವಿಬ್ಬರೂ ಅದನ್ನು ಕೇಳಿಸಿಕೊಳ್ಳುವವರೆಗೆ ಸುಮ್ಮನೆ ಕಾದರು. ಆಮೇಲೆ, "ಮಾಂಸಕ್ಕೆ ಇಳಿದಿಲ್ಲ," ಅಂದರು. ಮತ್ತೆ ಹುಟ್ಟದ ಹಾಗೆ ವಾರಕ್ಕೊಮ್ಮೆ ಮೂತ್ರಕೋಶದೊಳಗೇ ಮದ್ದು ಬಿಡುತ್ತಾರೆ. ಆಮೇಲೆ ಮೂರು ಮೂರು ತಿಂಗಳಿಗೆ ಕ್ಯಾಮೆರಾ ಹಾಕಿ ನೋಡುತ್ತಾರೆ. ಮತ್ತೆ ಬರಬಹುದು, ಬರದೆಯೂ ಇರಬಹುದು.

ಹೊರಗೆ ಬಂದಾಗ ಮೋಹನ ಮೆಟ್ಟಿಲ ಮೇಲೆ ಕೂತುಬಿಟ್ಟ. "ನೀನು ಹೇಳಬಾರ್ದಿತ್ತಾ ನಂಗೆ, ಮೊದಲೇ?" ಅಂದ.

"ನೀನು ಕೇಳ್ತಿದ್ಯಾ?"

"ಇನ್ನು ಕೇಳ್ತೀನಿ," ಅಂದ. ಅವತ್ತಿನಿಂದ ಇವತ್ತಿನವರೆಗೆ ಪ್ರತಿ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಂದು, "ಬಣ್ಣ ಹೇಗಿದೆ?" ಅಂತ ಕೇಳುತ್ತಾನೆ. ಹೊರಗಿನವರಿದ್ದರೂ ಕೇಳುತ್ತಾನೆ. ಒಮ್ಮೆ ಹೋಮ್‌ಸ್ಟೇ ಅತಿಥಿಯೊಬ್ಬರು ಕಾಫಿಯ ಬಣ್ಣ ಅಂದುಕೊಂಡು, "ಚೆನ್ನಾಗಿದೆ ಸಾರ್," ಅಂದರು.

ವಾರದ ಮದ್ದಿನ ಕತೆ ಹೀಗೆ. ಬೆಳಗಿನಿಂದ ನೀರು ಕಡಿಮೆ ಕುಡಿಯಬೇಕು. ಸಣ್ಣ ಕೊಳವೆಯಲ್ಲಿ ಮದ್ದು ಬಿಡುತ್ತಾರೆ. ಆಮೇಲೆ ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ಮದ್ದು ಎಲ್ಲ ಕಡೆ ತಾಗಲು ಎಡ ಮಗ್ಗುಲು, ಬಲ ಮಗ್ಗುಲು, ಬೆನ್ನು, ಹೊಟ್ಟೆ ಅಂತ ಮಗುಚಿ ಮಗುಚಿ ಮಲಗಬೇಕು. ಕಾವಲಿಯ ಮೇಲೆ ಅಕ್ಕಿ ರೊಟ್ಟಿ ಕಾಯಿಸುವ ಹಾಗೆ. "ಸಿಸ್ಟರ್, ಈ ಕಡೆ ಬೆಂದಿದೆ, ತಿರುಗ್ಲಾ?" ಅಂತ ನಾನು ಕೇಳಿದ್ದು ಅವರಿಗೆ ಎಷ್ಟು ಹಿಡಿಸಿತೆಂದರೆ, ಮುಂದಿನ ವಾರದಿಂದ ಅವರೇ ಬಾಗಿಲಲ್ಲಿ ನಿಂತು, "ರೊಟ್ಟಿ ಅಮ್ಮಾ, ಮಗುಚಿ," ಅನ್ನತೊಡಗಿದರು. ಮನೆಗೆ ಬಂದ ಮೇಲೆ ಉರಿ, ಚಳಿ, ಮೈಕೈ ನೋವು. ಆ ಮದ್ದು ಬೇರೆಯವರಿಗೆ ತಾಗದ ಹಾಗೆ ಶೌಚಕ್ಕೆ ಹೋದಾಗಲೆಲ್ಲ ಬ್ಲೀಚಿಂಗ್ ಸುರಿಯಬೇಕು. ಆ ಸಂಜೆಗಳಲ್ಲಿ ನಾನು ತಮಾಷೆ ಮಾಡುತ್ತಿರಲಿಲ್ಲ. ಅತ್ತೆ ಗಂಜಿಗೆ ಚಿಟಿಕೆ ಉಪ್ಪು ಹಾಕಿ ತಂದು ಪಕ್ಕದಲ್ಲಿ ಕೂರುತ್ತಿದ್ದರು, ನಾನು ಕುಡಿದು ಮುಗಿಸುವವರೆಗೆ ಏಳುತ್ತಿರಲಿಲ್ಲ.

ಅಲ್ಲಿಯೇ ನನಗೆ ಬೀಪಾತುಮ್ಮ ಸಿಕ್ಕಿದ್ದು. ಸಿದ್ದಾಪುರದ ಕಡೆಯವರು, ಮನೆಮಾತು ಮಲಯಾಳ. ಅವರ ಗಂಡ ಮೊಯ್ದು ಕಾಕನಿಗೂ ನನ್ನದೇ ಕಾಯಿಲೆ, ನನ್ನದೇ ವಾರ. ಕಾಯುವಾಗ ಬೀಪಾತುಮ್ಮನ ಕೈಯಲ್ಲಿ ಸದಾ ಬಿಳಿ ಬಟ್ಟೆಯ ಒಂದು ಟೊಪ್ಪಿ. ಬಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ, ಅದರ ಅಂಚಿಗೆ ಸುತ್ತಲೂ ದಾರ ಸುತ್ತಿ ಕಣ್ಣಿನ ಹಾಗೆ ಮಾಡುತ್ತಿದ್ದರು. ಅಂಥ ನೂರಾರು ಕಣ್ಣು ಸೇರಿ ಟೊಪ್ಪಿಯ ಮೇಲೆ ಹೂವಿನ ಸಾಲು. ಒಂದೊಂದು ಮೊಮ್ಮಗನಿಗೂ ಒಂದೊಂದು, ಅವರ ತಾಯಿ ಕಲಿಸಿದ ನಮೂನೆ.

ಮೊದಲ ದಿನ ನಾವು ಊಟಕ್ಕೆ ಆಸ್ಪತ್ರೆಯ ಹಿಂದಿನ ನೇರಳೆ ಮರದ ಕೆಳಗೆ ಜೀಪು ನಿಲ್ಲಿಸಿದೆವು. ಪಕ್ಕದ ಕಟ್ಟೆಯ ಮೇಲೆ ಅವರೂ ಡಬ್ಬಿ ಬಿಚ್ಚಿದ್ದರು. ನಾನು ಕಡಂಬುಟ್ಟು ಕೊಟ್ಟೆ, ಅವರು ಪತ್ತಿರಿ ಕೊಟ್ಟರು. ಎರಡೂ ಅಕ್ಕಿಯವೇ, ಒಂದು ಉಂಡೆ, ಒಂದು ಕಾಗದದಷ್ಟು ತೆಳ್ಳಗೆ.

"ನಿಮ್ಮ ಅಕ್ಕಿ ರೊಟ್ಟಿ ದಪ್ಪ ಅಲ್ವಾ ಮೋಳೆ? ಪತ್ತಿರಿ ಆಚೆಗಿಂದ ಮುಖ ಕಾಣ್ಬೇಕು," ಅಂತ ಒಂದನ್ನು ಎತ್ತಿ ಮುಖದ ಮುಂದೆ ಹಿಡಿದರು. ನಿಜಕ್ಕೂ ಮೂಗು ಕಾಣುತ್ತಿತ್ತು. ಮಗಳನ್ನು ಕರೆಯುವ ಹಾಗೆ ಎಲ್ಲರನ್ನೂ ಮೋಳೆ ಅನ್ನುವವರು.

ಆಮೇಲಿನ ವಾರಗಳಲ್ಲಿ ನಮ್ಮದು ಪಂಕ್ತಿಯೇ ಆಯಿತು. ಸಾಲಿನಲ್ಲಿ ನಕ್ಕಿದ್ದ ಅಜ್ಜಂದಿರಲ್ಲಿ ಇಬ್ಬರು ಮೂವರು ಸೇರಿಕೊಂಡರು. ಸೋಮವಾರಪೇಟೆಯವರೊಬ್ಬರು ಅಕ್ಕಿ ಕಡುಬು ತಂದರು. ನಾನು ಕಾಡುಮಾವಿನ ಉಪ್ಪಿನಕಾಯಿ ಭರಣಿಯನ್ನೇ ತಂದಿಟ್ಟೆ. ಯಾರ ಕಾಯಿಲೆ ಎಲ್ಲಿಗೆ ಬಂತು ಅನ್ನುವುದನ್ನು ನಾವು ಬಾಯಲ್ಲಿ ಅನ್ನ ಇಟ್ಟುಕೊಂಡೇ ಮಾತಾಡುತ್ತಿದ್ದೆವು. ಊರಲ್ಲಿ ಗ್ಯಾಸ್ಟ್ರಿಕ್ ಆಗಿದ್ದದ್ದು ಇಲ್ಲಿ ಮೂತ್ರಕೋಶ ಆಗಿತ್ತು. ಎಷ್ಟು ಹಗುರ ಅನ್ನಿಸುತ್ತಿತ್ತು ಅಂದರೆ, ಮದ್ದಿನ ದಿನ ಬರಲಿ ಅಂತ ಕಾಯುವ ಹಾಗಾಯಿತು.

ನಾನು ಕೈಕಟ್ಟಿ ಕೂತದ್ದನ್ನು ನೋಡಿ ಬೀಪಾತುಮ್ಮ, "ನಿನಗೆ ಹೊಲಿಗೆ ಬರಲ್ವಾ?" ಅಂತ ಕೇಳಿದರು. ಕಾವ್ಯಳ ಸಂಚಿಯ ವಿಷಯ ಹೇಳಿದೆ. ಕೈ ಯಾಕೆ ಬರುತ್ತಿಲ್ಲ ಅನ್ನುವುದನ್ನೂ ಹೇಳಿದೆ. ಆ ಮಾತನ್ನು ಅಲ್ಲಿಯವರೆಗೆ ಮೋಹನನಿಗೂ ಹೇಳಿರಲಿಲ್ಲ. ಅವರು ಟೊಪ್ಪಿ ಪಕ್ಕಕ್ಕಿಟ್ಟರು.

"ಇವರ ಕಾಯಿಲೆ ಗೊತ್ತಾದ ದಿನ ನಾನು ಇದನ್ನ ಶುರು ಮಾಡಿದೆ. ಇವರು ಏನಾಗ್ತಾರೋ ಹುಟ್ಟಿಸಿದವನಿಗೆ ಗೊತ್ತು. ಹುಡುಗನ ತಲೆ ಮಾತ್ರ ಬೆಳೀತಾನೇ ಇರ್ತದೆ, ಟೊಪ್ಪಿ ಬೇಡ್ವಾ? ಮುಂದಿನ ವಾರ ತುಂಡುಗಳನ್ನ ತಗೊಂಡು ಬಾ."

ತಂದೆ. ಅಜ್ಜಿಯ ಇಳಕಲ್ ಸೀರೆಯ ತುಂಡು ಮೊದಲ ಜೇಬಾಯಿತು. ಅಮ್ಮನದು ಎರಡನೆಯದು. ಅತ್ತೆಗೆ ಹೇಗೋ ತಿಳಿದು ಅವರೂ ತಮ್ಮ ಕೆಂಪು ಸೀರೆಯ ಸೆರಗನ್ನು ಕತ್ತರಿಸಿ ಕೊಟ್ಟರು, "ನನ್ನದೂ ಇರ್ಲಿ, ನಮ್ಮ ಕಾವ್ಯ ಗೂಡೆ ನಂಗೂ ಮೊಮ್ಮಗಳೇ," ಅಂತ. ಅಂಚಿಗೆ ಯಾವ ಹೊಲಿಗೆ ಹಾಕುವುದು ಅಂತ ಯೋಚಿಸುವಾಗ ಬೀಪಾತುಮ್ಮ ತಮ್ಮ ಕಣ್ಣಿನ ಹೊಲಿಗೆ ಕಲಿಸಿದರು. ನನ್ನ ಮೊದಲ ಕಣ್ಣುಗಳೆಲ್ಲ ಓರೆಗಣ್ಣು. ಮೊಯ್ದು ಕಾಕ ಅದನ್ನು ನೋಡಿ, "ಇದಕ್ಕೆ ಮೊದಲು ಕಣ್ಣಿನ ಡಾಕ್ಟರ ಹತ್ರ ತೋರಿಸು," ಅಂದರು.

ಮದ್ದಿನ ಮೊದಲ ಸುತ್ತು ಮುಗಿದು ಕ್ಯಾಮೆರಾ ಹಾಕಿ ನೋಡುವ ದಿನ ಬಂತು. ನನ್ನದು ಚೊಕ್ಕವಾಗಿತ್ತು. ಡಾಕ್ಟರು ತೆರೆಯ ಮೇಲೆ ತೋರಿಸಿದರು, ನಸುಗೆಂಪು ಗೋಡೆ, ಅಣಬೆಯ ಸುಳಿವಿಲ್ಲ. ಕುಣಿಯುತ್ತಾ ಹೊರಗೆ ಬಂದೆ. ಬೀಪಾತುಮ್ಮ ಕುರ್ಚಿಯಲ್ಲಿ ಕೂತಿದ್ದರು, ಕೈಯಲ್ಲಿ ಟೊಪ್ಪಿ ಇರಲಿಲ್ಲ. ಕಾಕನದು ಒಳಕ್ಕೆ ಇಳಿದಿತ್ತು. ಚೀಲ ತೆಗೆಯಬೇಕು.

ನನ್ನ ಸಂತೋಷವನ್ನು ಎಲ್ಲಿಡಲಿ ಅಂತ ತಿಳಿಯಲಿಲ್ಲ. ಪಕ್ಕದಲ್ಲಿ ಕೂತೆ. ಅವರೇ ಕೇಳಿದರು, "ನಿನ್ನದು?"

"ಸರಿಯಾಗಿದೆ."

"ಅಲ್‌ಹಮ್ದುಲಿಲ್ಲಾ," ಅಂತ ನನ್ನ ತಲೆ ಸವರಿ, ಆಮೇಲೆ ಅತ್ತರು. ಅವತ್ತು ಡಬ್ಬಿಯನ್ನು ಯಾರೂ ಬಿಚ್ಚಲಿಲ್ಲ.

ಕಾಕನ ಆಪರೇಷನ್ ದೊಡ್ಡದು, ಆದರೂ ಗೆದ್ದು ಬಂದರು. ಈಗ ಹೊಟ್ಟೆಯ ಮೇಲೆ ಒಂದು ಹೊರಚೀಲ. ಅವರನ್ನು ನೋಡಲು ನಾನು, ಮೋಹನ ಸಿದ್ದಾಪುರಕ್ಕೆ ಹೋದಾಗ ಕಾಕ ಶರ್ಟು ಎತ್ತಿ ತೋರಿಸಿದರು. ಆ ಪ್ಲಾಸ್ಟಿಕ್ ಚೀಲಕ್ಕೆ ಬೀಪಾತುಮ್ಮ ಬಿಳಿ ಬಟ್ಟೆಯ ಗವಸು ಹೊಲಿದಿದ್ದರು, ಅಂಚಿನುದ್ದಕ್ಕೂ ಅದೇ ಕಣ್ಣುಗಳ ಸಾಲು.

"ಮೊಮ್ಮಕ್ಕಳಿಗೆ ತಲೆಗೆ, ನನಗೆ ಇದಕ್ಕೆ," ಅಂದರು ಕಾಕ. "ಬಸ್ಸಲ್ಲಿ ಎಲ್ಲರೂ ಇಳಿದು ಓಡ್ತಾರೆ, ನಾನು ಆರಾಮಾಗಿ ಕೂತಿರ್ತೇನೆ."

ಕಾವ್ಯಳ ಮದುವೆಗೆ ಸಂಚಿ ಮುಗಿಯಿತು. ನಾನೇ ಅವಳ ಸೊಂಟಕ್ಕೆ ಸಿಕ್ಕಿಸಿದೆ. ಅಂಚು ನೋಡಿ ಅತ್ತಿಗೆ, "ಇದು ನಮ್ಮ ಕಡೆ ಹೊಲಿಗೆ ಅಲ್ವಲ್ಲ," ಅಂದಳು. "ಈಗ ಹೌದು," ಅಂದೆ.

ಮತ್ತೆ ಆಟಿ ಬಂತು. ಪಾಯಸ ತಿನ್ನಬಹುದಾ ಅಂತ ಡಾಕ್ಟರನ್ನು ಕೇಳಿದೆ. ಅವರು ಬಯಲುಸೀಮೆಯವರು, ಇಂಥ ಸೊಪ್ಪಿದೆ ಅನ್ನುವುದನ್ನೇ ಕೇಳಿರಲಿಲ್ಲ. ನನ್ನ ವಿವರಣೆ ಕೇಳುತ್ತ ಕೇಳುತ್ತ ಪೆನ್ನು ಕೆಳಗಿಟ್ಟರು. "ಇಡೀ ಜಿಲ್ಲೆ ಒಂದು ದಿನ ಕೆಂಪಗೆ ಹೋಗುತ್ತಾ?" ಅಂತ ನಗಲಾರಂಭಿಸಿದರು. ಕೊನೆಗೆ, "ಒಂದೇ ದಿನ ತಿನ್ನಿ. ಹಲ್ವ ಗಿಲ್ವ ಬೇಡ," ಅಂದರು.

ಆ ವರ್ಷ ಅಕ್ಕಪಕ್ಕದ ಹೆಂಗಸರನ್ನೆಲ್ಲ ಊಟಕ್ಕೆ ಕರೆದೆ. ಲೈನ್‌ಮನೆಯಲ್ಲಿ ಇರುವ, ನಮ್ಮ ತೋಟದಲ್ಲಿ ಕಾಫಿ ಕೊಯ್ಯುವ ಹೆಂಗಸರೂ ಬಂದರು. ಗಂಡಸರಿಗೆ ಹೊರಗೆ ಬಡಿಸಿಯಾಗಿತ್ತು. ನಾಟಿಕೋಳಿ ಸಾರು, ಕಣಿಲೆ ಪಲ್ಯ, ಕೆಸುವಿನ ಪತ್ರೊಡೆ. ಕೊನೆಗೆ ಪಾಯಸದ ಪಾತ್ರೆ ಹಿಡಿದು ಬಂದವಳು ನಡುವೆ ನಿಂತುಬಿಟ್ಟೆ. ಆಪರೇಷನ್ ಥಿಯೇಟರಿಗೆ ಹೋಗುವಾಗಲೂ ಅಷ್ಟು ಹೆದರಿರಲಿಲ್ಲ.

"ಒಂದು ಮಾತು ಹೇಳ್ಬೇಕು. ನನಗೆ ಗ್ಯಾಸ್ಟ್ರಿಕ್ ಆಗಿರ್ಲಿಲ್ಲ. ಮೂತ್ರಕೋಶದಲ್ಲಿ ಕ್ಯಾನ್ಸರ್ ಆಗಿತ್ತು. ಉಚ್ಚೆ ಕೆಂಪಗೆ ಹೋಗ್ತಿತ್ತು, ನಾನು ಪಾಯಸದ್ದು ಅಂದ್ಕೊಂಡೆ. ನಾಳೆ ನಮ್ಮೆಲ್ಲರಿಗೂ ಕೆಂಪಾಗ್ತದೆ, ಹೆದರ್ಬೇಡಿ. ಪಾಯಸ ಬಿಟ್ಟ ಮೇಲೂ ಕೆಂಪಿದ್ರೆ, ನೋವಿರಲಿ ಇಲ್ಲದಿರಲಿ, ಡಾಕ್ಟರ ಹತ್ರ ಹೋಗಿ. ಗಂಡಂದಿರಿಗೂ ಹೇಳಿ."

ಮೂಲೆಯಿಂದ ಒಬ್ಬಳು, "ಅಯ್ಯೋ, ನಾನು ನಿಂಗೆ ಅಷ್ಟು ಜೀರಿಗೆ ಕಷಾಯ ಕುಡಿಸಿದ್ನಲ್ಲ ಮಾರಾಯ್ತಿ!" ಅಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಗುವಿನ ಮರೆಯಲ್ಲಿ ಒಬ್ಬೊಬ್ಬರದೇ ಮಾತು ಹೊರಗೆ ಬಂತು. ಒಬ್ಬಳಿಗೆ ಉರಿ, ಇನ್ನೊಬ್ಬಳಿಗೆ ಮುಟ್ಟು ನಿಲ್ಲುವುದೇ ಇಲ್ಲ. ಕಾಫಿ ಕೊಯ್ಲಿಗೆ ಬರುವ ಒಬ್ಬಳು, ತೋಟದಲ್ಲಿ ಮರೆಯ ಜಾಗವಿಲ್ಲದೆ ಬೆಳಗಿನಿಂದ ಸಂಜೆವರೆಗೆ ಹಿಡಿದಿಟ್ಟುಕೊಳ್ಳುತ್ತೇವೆ ಅಂದಳು. ಅದು ನನ್ನದೇ ತೋಟ. ಆ ವಾರವೇ ಮೋಹನ ಕಾಫಿ ಒಣಗಿಸುವ ಕಳದ ಪಕ್ಕದಲ್ಲಿ ಶೌಚದ ಕೋಣೆ ಕಟ್ಟಿಸಲು ಶುರು ಮಾಡಿದ.

ಎಲ್ಲರೂ ಹೋದ ಮೇಲೆ ನಾನೂ ಅತ್ತೆಯೂ ಪಾತ್ರೆ ತೊಳೆಯುತ್ತಿದ್ದೆವು. ಅವರು ಪಾಯಸದ ಪಾತ್ರೆಯ ತಳ ತಿಕ್ಕುತ್ತ, ನನ್ನ ಕಡೆ ನೋಡದೆ, "ನಂಗೂ ಒಂದು ಕಾಯಿಲೆ ಉಟ್ಟು," ಅಂದರು.

"ಏನು ಅತ್ತೆ?"

"ಕೆಂಪು ಅಲ್ಲ. ಗರ್ಭಕೋಶ ಕೆಳಗೆ ಇಳ್ದುಟ್ಟು. ಕೆಮ್ಮಿದ್ರೆ, ನಕ್ಕರೆ ಉಚ್ಚೆ ನಿಲ್ಲದುಲ್ಲೆ."

"ಯಾವಾಗಿಂದ?"

"ಮೋಹನನ ತಂಗಿ ಹುಟ್ಟಿದ ಮೇಲೆ. ಈಗೀಗ ಹೆಚ್ಚು."

ಮೋಹನನ ತಂಗಿಗೆ ಮೊಮ್ಮಗು ಬರುವ ವಯಸ್ಸು. ನಾನು ಕೈಯಲ್ಲಿದ್ದ ಲೋಟವನ್ನು ಹಾಗೇ ನೀರಿಗೆ ಬಿಟ್ಟೆ. ಆಗ ಒಂದೊಂದಾಗಿ ಹೊಳೆಯಿತು. ಮದುವೆಮನೆಗೆ ಕರೆದರೆ ಮಂಡಿನೋವು. ಬಸ್ಸು ಹತ್ತೋಣ ಅಂದರೆ ತಲೆಸುತ್ತು. ಭಾಗಮಂಡಲದ ಆಚೆ ಇರುವ ತವರಿಗೆ ಹೋಗದೆ ಎಷ್ಟೋ ವರ್ಷ. ಅಣ್ಣನ ಜೊತೆ ಏನೋ ಮನಸ್ತಾಪ ಅಂತ ನಾವೆಲ್ಲ ತಿಳಿದಿದ್ದೆವು. ಯಾರೂ ಕೇಳಿರಲಿಲ್ಲ. ಅವರು ನಗುವುದು ಕಡಿಮೆ ಅಂತಲೂ ನಾವು ಮಾತಾಡಿಕೊಂಡಿದ್ದೆವು.

ಈ ಸಲ ಜೀಪ್ ತೆಗಿ ಅಂದವಳು ನಾನು. ಮಡಿಕೇರಿಯ ಲೇಡಿ ಡಾಕ್ಟರು ನೋಡಿ, ಈ ವಯಸ್ಸಿಗೆ ಆಪರೇಷನ್ ಬೇಡ ಅಂದು, ಒಳಗೆ ಒಂದು ರಬ್ಬರಿನ ಉಂಗುರ ಇಟ್ಟರು. ಸ್ವಲ್ಪ ಹೊತ್ತಿನ ಕೆಲಸ. ಹೊರಗೆ ಬಂದ ಅತ್ತೆ ನಾಲ್ಕು ಹೆಜ್ಜೆ ನಡೆದು ನಿಂತರು. ಮತ್ತೆ ನಾಲ್ಕು ಹೆಜ್ಜೆ ನಡೆದರು. ಬೇಕೆಂದೇ ಒಮ್ಮೆ ಕೆಮ್ಮಿ ನೋಡಿದರು. ನನ್ನ ಕಡೆ ತಿರುಗಿ, "ಇಷ್ಟೆಯಾ?" ಅಂದರು. "ಇಷ್ಟಕ್ಕೆಯಾ?" ಅವರ ಕಣ್ಣು ತುಂಬಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಹೋದ ವಾರ ಅವರನ್ನು ತವರಿಗೆ ಕರೆದುಕೊಂಡು ಹೋದೆ. ಜೀಪು ಬೇಡ, ಬಸ್ಸಲ್ಲೇ ಹೋಗಬೇಕು ಅಂತ ಹಟ. ಕಿಟಕಿ ಪಕ್ಕದ ಸೀಟು ಹಿಡಿದು, ಭಾಗಮಂಡಲದವರೆಗೂ ಶೌಚಕ್ಕೆಂದು ಇಳಿಯುವ ಮಾತಿಲ್ಲ. ಅವರ ಅಣ್ಣನಿಗೆ ಎಂಬತ್ತು ದಾಟಿದೆ. ಅಂಗಳದಲ್ಲಿ ತಂಗಿಯನ್ನು ನೋಡಿದವರೇ ಎದ್ದು ನಿಂತರು, ಊರುಗೋಲು ಬಿದ್ದುಹೋಯಿತು. "ಎಂಥ ತಪ್ಪಾತ್ ನನ್ನಿಂದ, ಇಷ್ಟು ವರ್ಷ ನೀ ಬಾರದೆ ಇರೋಕೆ?" ಅಂತ ಕೇಳಿದರು. ಅತ್ತೆ ಮುಚ್ಚಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಅಂಗಳದಲ್ಲೇ ನಿಂತು ಹೇಳಿದರು. ಅಣ್ಣ ಪಾಪ, ನಾಚಿಕೆಯಿಂದ ಕಾಫಿ ಗಿಡಗಳ ಕಡೆ ತಿರುಗಿ ನಿಂತು, ಹೆಗಲ ಮೇಲಿನ ಟವೆಲಿನಲ್ಲಿ ಕಣ್ಣೊರೆಸಿಕೊಂಡರು.

ಸಂಜೆಯ ಬಸ್ಸಿಗೆ ನಾನು ಹೊರಟಾಗ ಅತ್ತೆ ಒಳಗೆ ತಮ್ಮ ಅತ್ತಿಗೆಯ ಜೊತೆ ನೂಲ್‌ಪುಟ್ಟು ಒತ್ತುತ್ತ ಕೂತಿದ್ದರು, ಏಳುವ ಲಕ್ಷಣ ಕಾಣಲಿಲ್ಲ. ಒಬ್ಬಳೇ ಬಂದೆ. ನಿನ್ನೆ ಫೋನ್ ಮಾಡಿ, ಬುಧವಾರ ನನ್ನ ಚೆಕಪ್ ಇದೆ, ಯಾವಾಗ ಬರುತ್ತೀರಿ ಅಂತ ಕೇಳಿದೆ. ಫೋನಿನ ಆ ಕಡೆಯಿಂದ ಯಾರೋ ಏನೋ ಅಂದರು. ಅತ್ತೆ ನಗಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ಉತ್ತರಕ್ಕೆ ಕಾದೂ ಕಾದೂ, ಕೊನೆಗೆ ನಾನೂ ನಗುತ್ತಾ ಫೋನ್ ಇಟ್ಟೆ.